ಹಾಡಿನೊಳಗಿನ ‘ನಾನು’ ಯಾರು?

ಎಲ್.ಆರ್. ಈಶ್ವರಿ ಕ್ಯಾಬರೆ ಹಾಡುಗಳಿಗೆ ಹೆಸರಾದವರು. ಅಮ್ಮನವರ ಭಕ್ತಿಗೀತೆಗಳನ್ನೂ ಅದೇ ಗಂಟಲಿನಲ್ಲಿ ಹಾಡಿದರು. ಕ್ಲಬ್ಬಿನಲ್ಲಿ ಕಣ್ಣು ಹೊಡೆದ ದನಿಯೇ ದೇವಸ್ಥಾನದ ಮೈಕಿನಲ್ಲೂ ಕೇಳಿಸಿದರೆ ಯಾರಿಗೂ ಇರುಸುಮುರುಸಾಗಲಿಲ್ಲ. ಯಾಕೆ? ಕ್ಯಾಬರೆ ಹಾಡಿಗೆ ಕುಣಿದವರು ಬೇರೆ ಯಾರೋ. ಆ ಹಾಡಿನ ‘ನಾನು’ ತೆರೆಯ ಮೇಲಿನ ಆ ಹೆಣ್ಣು, ಈಶ್ವರಿಯವರಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದ ವಿರಹವನ್ನೆಲ್ಲ ನಾವು ರಾಜ್‌ಕುಮಾರ್ ಮುಖದಲ್ಲಿ ನೋಡಿದೆವು. ಪಾಪ, ಶ್ರೀನಿವಾಸ್ ಅವರಿಗೆ ಮನೆಯಲ್ಲೇನೋ ತೊಂದರೆ ಇರಬೇಕು ಅಂತ ಯಾರೂ ಅಂದುಕೊಳ್ಳಲಿಲ್ಲ.

ಸಿನಿಮಾ ಹಾಡು ಕೇಳಿ ಬೆಳೆದ ನಮಗೆ ಇದು ದೊಡ್ಡ ಅನುಕೂಲ ಅಂತಲೇ ಗೊತ್ತಾಗುವುದಿಲ್ಲ. ಗಾಯಕ ಮತ್ತು ಹಾಡಿನ ನಡುವೆ ಒಂದು ಪಾತ್ರ, ಒಬ್ಬ ನಟ, ಒಂದು ಕತೆ ನಿಂತಿರುತ್ತವೆ. ಇಂಗ್ಲಿಷ್ ಪಾಪ್, ರಾಕ್ ಗಾಯಕರಿಗೆ ಆ ಬೇಲಿ ಇಲ್ಲ. ಬಹಳಷ್ಟು ಸಲ ತಾವೇ ಬರೆದಿದ್ದನ್ನು ತಮ್ಮದೇ ಹೆಸರಿನಲ್ಲಿ, ತಮ್ಮದೇ ಮುಖ ಹೊತ್ತು ಹಾಡಬೇಕು. ಹಾಡಿನಲ್ಲಿ ‘ಅವಳನ್ನು ಬಿಟ್ಟು ಬಂದೆ’ ಅಂತ ಬಂದರೆ ಸಾಕು, ಮಾರನೇ ದಿನ ಪತ್ರಿಕೆಯವರು ‘ಯಾರನ್ನು ಬಿಟ್ರಿ?’ ಅಂತ ಕೇಳುತ್ತಾರೆ. ಕೇಳುಗರಿಗೆ ಪ್ರತಿ ಹಾಡೂ ಗಾಯಕನ ಡೈರಿಯ ಒಂದು ಹಾಳೆ.

ಹಾಗಾಗಿ ಅವರಲ್ಲಿ ಕೆಲವರು ಆ ಬೇಲಿಯನ್ನು ತಾವೇ ಹಾಕಿಕೊಂಡರು. ಬೇರೆ ಹೆಸರು, ಬೇರೆ ಉಡುಪು, ಬೇರೆ ಸ್ವಭಾವ, ಕೆಲವೊಮ್ಮೆ ಬೇರೆಯದೇ ಜನ್ಮವೃತ್ತಾಂತ ಇರುವ ಇನ್ನೊಬ್ಬನನ್ನು ಹುಟ್ಟಿಸಿ, ಹಾಡುವ ಕೆಲಸ ಅವನಿಗೆ ವಹಿಸಿದರು. ಇಂಗ್ಲಿಷಿನವರು ಇದನ್ನು ಆಲ್ಟರ್ ಈಗೋ ಅನ್ನುತ್ತಾರೆ. ನಾನು ವೇಷ ಅಂತಲೇ ಕರೆಯುತ್ತೇನೆ. ಯಕ್ಷಗಾನದ ಚೌಕಿಯಲ್ಲಿ ಕೂತು ಬಣ್ಣ ಬಳಿಯುವುದನ್ನು ನೋಡಿದವರಿಗೆ ಈ ಪದ ಸುಮ್ನೆ ಬಟ್ಟೆಯ ಮಾತಲ್ಲ ಅಂತ ಗೊತ್ತಿರುತ್ತದೆ.

ಬರೀ ಹೆಸರು ಬದಲಾಯಿಸುವುದು ಬೇರೆ, ಇದು ಬೇರೆ. ಮುತ್ತುರಾಜ್ ರಾಜ್‌ಕುಮಾರ್ ಆದರು. ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫರೂಖ್ ಬುಲ್ಸಾರಾ ಮುಂದೆ ರಾಕ್ ಗಾಯಕ ಫ್ರೆಡ್ಡಿ ಮರ್ಕ್ಯುರಿ ಆದರು. ಇವೆಲ್ಲ ಬೋರ್ಡಿಗೆ ಒಪ್ಪುವ ಹೆಸರುಗಳು. ಹೆಸರು ಬದಲಾದರೂ ಹಾಡಿನ ‘ನಾನು’ ಅವರೇ. ಲಂಡನ್ನಿನ ಡೇವಿಡ್ ಜೋನ್ಸ್ ಎಂಬ ಹುಡುಗನೂ ಮೊದಲು ಮಾಡಿದ್ದು ಇಷ್ಟೇ. ಮುಂದೆ ಮಂಕೀಸ್ ಎಂಬ ಪಾಪ್ ತಂಡದಲ್ಲಿ ಹೆಸರಾದ ಒಬ್ಬ ಡೇವಿ ಜೋನ್ಸ್ ಆಗಲೇ ಇದ್ದುದರಿಂದ ಗೊಂದಲ ಬೇಡ ಅಂತ ಡೇವಿಡ್ ಬೋವಿ ಆದ. ನಿಜವಾದ ವೇಷ ಆಮೇಲೆ ಬಂತು.

ಬೋವಿಗೆ 1969ರಲ್ಲಿ ಒಂದು ಹಾಡು ಹಿಟ್ ಆಗಿತ್ತು, ಬಾಹ್ಯಾಕಾಶದಲ್ಲಿ ಕಳೆದುಹೋಗುವ ಯಾತ್ರಿಯೊಬ್ಬನದು. ಆಮೇಲೆ ಅಂಥದ್ದು ಇನ್ನೊಂದು ಬರಲಿಲ್ಲ. ‘ಒಂದೇ ಹಾಡಿನವನು’ ಅಂತ ಜನ ಬರೆದುಬಿಡುವ ಹಂತದಲ್ಲಿದ್ದಾಗ ಅವರು ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರ ಕಟ್ಟಿದರು. ಭೂಮಿಗೆ ಇನ್ನು ಐದೇ ವರ್ಷ ಆಯಸ್ಸು, ಆಕಾಶದವರ ಸಂದೇಶ ತಂದ ಒಬ್ಬ ರಾಕ್ ತಾರೆ, ಕೊನೆಗೆ ಅಭಿಮಾನಿಗಳೇ ಅವನನ್ನು ಮುಗಿಸುತ್ತಾರೆ. ಕತೆಯ ಸಾಮಾನನ್ನು ಸಿಕ್ಕಸಿಕ್ಕಲ್ಲಿಂದ ಹೆಕ್ಕಿದ್ದು. ‘ಜಿಗ್ಗಿ’ ರೈಲಿನಿಂದ ಕಂಡ ಟೈಲರ್ ಅಂಗಡಿಯೊಂದರ ಹೆಸರು. ‘ಸ್ಟಾರ್‌ಡಸ್ಟ್’ ಅಮೆರಿಕದ ಒಬ್ಬ ವಿಚಿತ್ರ ಗಾಯಕನ ಹೆಸರಿನ ತುಂಡು. ಸ್ವಭಾವದಲ್ಲಿ ಒಂದು ಪಾಲು ವಿನ್ಸ್ ಟೇಲರ್ ಎಂಬ ರಾಕ್ ಗಾಯಕನದು. ಆತ ತಲೆ ಕೆಟ್ಟು, ನಾನೇ ದೇವರು ಅಂತ ವೇದಿಕೆಯಲ್ಲಿ ಸಾರಿದವನು.

1972ರ ಫೆಬ್ರವರಿಯಲ್ಲಿ ಜಿಗ್ಗಿ ಮೊದಲು ಕಾಣಿಸಿಕೊಂಡದ್ದು ಲಂಡನ್ ಹೊರವಲಯದ ಟಾಲ್ವರ್ತ್‌ನ ಒಂದು ಪಬ್ಬಿನಲ್ಲಿ. ಜುಲೈ 6ರಂದು ಬಿಬಿಸಿಯ ವಾರದ ಸಂಗೀತ ಕಾರ್ಯಕ್ರಮದಲ್ಲಿ ಬಂದ. ಕೆಂಚು ಕೂದಲು, ಬಣ್ಣಬಣ್ಣದ ಹೊಲಿಗೆಯ ಬಿಗಿ ಉಡುಪು, ನೀಲಿ ಗಿಟಾರ್. ಹಾಡುತ್ತಾ ಗಿಟಾರ್ ವಾದಕ ಮಿಕ್ ರಾನ್ಸನ್ ಹೆಗಲ ಮೇಲೆ ಆರಾಮಾಗಿ ಕೈ ಹಾಕಿದ. ಫೋನ್ ಮಾಡುವ ಸಾಲು ಬಂದಾಗ ನೇರವಾಗಿ ಕ್ಯಾಮೆರಾಗೆ ಬೆರಳು ತೋರಿಸಿ ತಿರುಗಿಸಿದ, ಮನೆಯಲ್ಲಿ ಕೂತು ನೋಡುತ್ತಿದ್ದ ಹುಡುಗ ಹುಡುಗಿಯರಿಗೆ ‘ನಿನಗೇ ಹೇಳ್ತಿರೋದು’ ಅನ್ನುವ ಹಾಗೆ. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಕಾನೂನಾಗಿ ಆಗ ಐದೇ ವರ್ಷ. ಗಂಡಸೊಬ್ಬ ಇನ್ನೊಬ್ಬನ ಹೆಗಲಿಗೆ ಹಾಗೆ ಕೈ ಹಾಕುವುದು ಟೀವಿಯಲ್ಲಿ ಸಣ್ಣ ಮಾತಲ್ಲ. ಡೇವಿಡ್ ಜೋನ್ಸ್‌ಗೆ ಅದು ಕಷ್ಟವಾಗಬಹುದಿತ್ತೇನೋ. ಜಿಗ್ಗಿಗೆ ಏನು? ಅವನು ಈ ಊರಿನವನೇ ಅಲ್ಲ.

ವೇಷದ ಮೊದಲ ಉಪಯೋಗ ಇದು ಅಂತ ನನ್ನ ಲೆಕ್ಕ. ಅದು ಮುಖ ಮುಚ್ಚುವುದಕ್ಕಿಂತ ಜಾಸ್ತಿ ಪರವಾನಗಿ ಕೊಡುತ್ತದೆ. ಬೋವಿ ತಾನು ಸಂಕೋಚದ ಮನುಷ್ಯ, ತಾನಾಗಿ ವೇದಿಕೆಯ ಮೇಲೆ ನಿಲ್ಲುವುದು ಕಷ್ಟ ಅಂತ ಹೇಳಿಕೊಂಡವರು. ಇನ್ನೊಬ್ಬನಾಗಿ ನಿಂತರೆ ಆ ಕಷ್ಟ ಇಲ್ಲ. ಹಾಡು ಬಿದ್ದರೆ ಜಿಗ್ಗಿ ಬಿದ್ದ, ಗೆದ್ದರೆ ಸಂಭಾವನೆ ಡೇವಿಡ್‌ಗೆ!

ಸುಮ್ನೆ ಬಣ್ಣ ಬಳಿದುಕೊಂಡು ನಿಂತದ್ದೂ ಅಲ್ಲ. ಲಿಂಡ್ಸೆ ಕೆಂಪ್ ಎಂಬ ಮೂಕಾಭಿನಯ ಕಲಾವಿದನ ಬಳಿ ಕಲಿತಿದ್ದರು. 1973ರಲ್ಲಿ ಜಪಾನಿಗೆ ಹೋದಾಗ ಕಬುಕಿ ರಂಗಭೂಮಿಯ ಹೆಸರಾಂತ ಸ್ತ್ರೀವೇಷಧಾರಿ ಬಂದೋ ತಮಸಬುರೋ ಅವರಿಂದ ಮುಖಕ್ಕೆ ಬಣ್ಣ ಹಚ್ಚುವುದನ್ನು ಹೇಳಿಸಿಕೊಂಡರು. ಉಡುಪು ಕನ್ಸಾಯ್ ಯಮಮೊಟೊ ಅವರದು. ಕಬುಕಿಯಲ್ಲಿ ನಟ ನಿಂತ ನಿಲುವಿನಲ್ಲೇ ಉಡುಪು ಬದಲಾಯಿಸುವ ಒಂದು ಚಮತ್ಕಾರ ಇದೆ. ಸಹಾಯಕರು ಬಂದು ಎಳೆದರೆ ಮೇಲಿನ ಉಡುಪು ಪಟ್ಟನೆ ಕಳಚಿ ಒಳಗಿನ ಇನ್ನೊಂದು ಹೊರಬೀಳುತ್ತದೆ. ಅದನ್ನೇ ರಾಕ್ ವೇದಿಕೆಗೆ ತಂದರು. ವೇಷದೊಳಗೆ ಇನ್ನೊಂದು ವೇಷ. ಅಷ್ಟೂ ಕಳಚಿದರೆ ಒಳಗೆ ಯಾರಿದ್ದಾರೆ ಅಂತ ನೋಡುವವರಿಗೆ ಕುತೂಹಲ.

ಸಂಕೋಚದ ವಿಷಯಕ್ಕೆ ಬಂದರೆ ಅಮೆರಿಕದ ಪಾಪ್ ಗಾಯಕಿ ಬಿಯಾನ್ಸೆ ಇನ್ನೂ ಒಳ್ಳೆಯ ಉದಾಹರಣೆ. ವೇದಿಕೆಯ ಮೇಲೆ ಬೆಂಕಿಯಂತಿರುವ ಈಕೆ ಇಳಿದ ಮೇಲೆ ಮೆತ್ತಗಿನ ಹೆಣ್ಣುಮಗಳು. ಮೇಲೆ ಹೋದಾಗ ಮೈಮೇಲೆ ಬರುವವಳಿಗೆ ಅವರು ಸಾಶಾ ಫಿಯರ್ಸ್ ಅಂತ ಹೆಸರಿಟ್ಟಿದ್ದರು. 2008ರಲ್ಲಿ ಬಂದ ಆಲ್ಬಮ್ಮನ್ನು ಎರಡು ಡಿಸ್ಕ್ ಮಾಡಿದರು. ಒಂದರಲ್ಲಿ ಬಿಯಾನ್ಸೆಯ ನಿಧಾನದ ಭಾವಗೀತೆಗಳು, ಇನ್ನೊಂದರಲ್ಲಿ ಸಾಶಾಳ ಕುಣಿತದ ಹಾಡುಗಳು. ಒಂದೇ ಮನೆಯ ಅಕ್ಕತಂಗಿಯರು ಪಾಲು ಮಾಡಿಕೊಂಡ ಹಾಗೆ. 2010ರ ಹೊತ್ತಿಗೆ, ಇನ್ನು ಸಾಶಾ ಬೇಡ, ಇಬ್ಬರನ್ನೂ ಒಂದು ಮಾಡುವಷ್ಟು ಬೆಳೆದಿದ್ದೇನೆ ಅಂತ ಹೇಳಿ ಮುಗಿಸಿದರು. ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡವರು ಯಾವಾಗಲೋ ಕೈ ಬಿಟ್ಟಿರುತ್ತಾರಲ್ಲ, ಹಾಗೆ.

ಇದು ದೊಡ್ಡ ಕಲಾವಿದರ ನಖರಾ ಅಷ್ಟೇ ಅಂತ ಅನ್ನಿಸಬಹುದು. ಆದರೆ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ಇದೆ. 2017ರಲ್ಲಿ ಪ್ರಕಟವಾಯಿತು. 4 ಮತ್ತು 6 ವರ್ಷದ 180 ಮಕ್ಕಳಿಗೆ 10 ನಿಮಿಷದ ಬೇಜಾರಿನ ಕೆಲಸ ಕೊಟ್ಟರು. ಪಕ್ಕದಲ್ಲೇ ಆಟದ ಐಪ್ಯಾಡ್ ಇಟ್ಟರು, ಸಾಕು ಅನ್ನಿಸಿದಾಗ ಎದ್ದು ಹೋಗಿ ಆಡಬಹುದು. ಕೆಲವು ಮಕ್ಕಳು ತಮ್ಮನ್ನೇ ‘ನಾನು ಚೆನ್ನಾಗಿ ಕೆಲಸ ಮಾಡ್ತಿದ್ದೀನಾ?’ ಅಂತ ಕೇಳಿಕೊಳ್ಳಬೇಕು. ಕೆಲವರು ತಮ್ಮ ಹೆಸರು ಹಿಡಿದು ಕೇಳಿಕೊಳ್ಳಬೇಕು. ಇನ್ನು ಕೆಲವರು ಬ್ಯಾಟ್‌ಮ್ಯಾನ್‌ನಂಥ ಪಾತ್ರವಾಗಿ, ಅದರ ಉಡುಪಿನ ಒಂದು ತುಂಡು ತೊಟ್ಟು ‘ಬ್ಯಾಟ್‌ಮ್ಯಾನ್ ಚೆನ್ನಾಗಿ ಕೆಲಸ ಮಾಡ್ತಿದ್ದಾನಾ?’ ಅಂತ ಕೇಳಿಕೊಳ್ಳಬೇಕು. ಹೆಚ್ಚು ಹೊತ್ತು ಕೂತದ್ದು ಬ್ಯಾಟ್‌ಮ್ಯಾನ್‌ಗಳು. ಆಮೇಲೆ ಹೆಸರು ಹಿಡಿದವರು. ಎಲ್ಲರಿಗಿಂತ ಬೇಗ ಎದ್ದದ್ದು ‘ನಾನು’ ಅಂದವರು. ತನ್ನಿಂದ ತಾನು ಎರಡು ಹೆಜ್ಜೆ ಆಚೆ ನಿಂತರೆ ಭಯ, ಬೇಜಾರು ಎರಡೂ ಸ್ವಲ್ಪ ಹಗುರಾಗುತ್ತವೆ ಅನ್ನುವುದು ಅಲ್ಲಿನ ವಿಚಾರ.

ನಾನು ಇದನ್ನು ಗಣೇಶನ ಪೆಂಡಾಲಿನಲ್ಲಿ ನೋಡಿದ್ದೇನೆ. ನಮ್ಮ ಬೀದಿಗೆ ಪ್ರತಿ ವರ್ಷ ಬರುತ್ತಿದ್ದ ಆರ್ಕೆಸ್ಟ್ರಾದಲ್ಲಿ ಒಬ್ಬ ‘ಜೂನಿಯರ್ ವಿಷ್ಣುವರ್ಧನ್’ ಇದ್ದರು. ಹಗಲು ವೈರಿಂಗ್ ಕೆಲಸ. ಸಂಜೆ ಸ್ಟೇಜಿನ ಹಿಂದೆ ಕಾಫಿ ಕೊಡಲು ಹೋದರೆ ‘ಸಕ್ಕರೆ ಸಾಕಾ ಸಾರ್’ ಅಂದರೂ ತಲೆ ತಗ್ಗಿಸಿ ಗೋಣು ಹಾಕುವಷ್ಟು ನಾಚಿಕೆ. ಕೈಗೆ ಆ ಕಡಗ ಏರಿಸಿ ಒಂದು ಸಲ ಕೊಡವಿದರೆ ಮುಗೀತು, ಎದೆ ಎರಡು ಇಂಚು ಮುಂದೆ. ಅವರು ಕಟ್ಟಿದ್ದು ಬೇರೆಯವರ ವೇಷ ನಿಜ. ಆದರೂ ಕಡಗ ಮಾಡುವ ಕೆಲಸ ಸಾಶಾ ಮಾಡುವ ಕೆಲಸಕ್ಕಿಂತ ಬೇರೆ ಅಂತ ನನಗೆ ಅನ್ನಿಸುವುದಿಲ್ಲ.

ಎಲ್ಲ ವೇಷವೂ ಮನಸ್ಸಿನ ಆಳದಿಂದ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅಪ್ಪಟ ವ್ಯಾಪಾರಕ್ಕೆ ಕಟ್ಟಿದ್ದೂ ಇದೆ. ಅಮೆರಿಕದ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ 1950ರ ಸುಮಾರಿಗೆ ದೊಡ್ಡ ಹೆಸರು. ಬಾರುಗಳಲ್ಲಿ ಕಾಸು ಹಾಕಿ ಹಾಡು ಕೇಳುವ ಜೂಕ್‌ಬಾಕ್ಸ್ ಇರುತ್ತಿದ್ದವು. ಅವುಗಳ ಮಾಲೀಕರು ಹ್ಯಾಂಕ್ ಹೆಸರು ಕಂಡರೆ ಹಿಂದೆ ಮುಂದೆ ನೋಡದೆ ರೆಕಾರ್ಡ್ ಕೊಳ್ಳುತ್ತಿದ್ದರು. ಹ್ಯಾಂಕ್‌ಗೋ ನೀತಿಬೋಧೆಯ ಗದ್ಯಪದ್ಯಗಳನ್ನು ಸಂಗೀತದ ಜೊತೆ ಓದಿ ರೆಕಾರ್ಡ್ ಮಾಡುವ ಆಸೆ. ಕುಡಿಯುತ್ತಾ ಕೂತವನು ಕಾಸು ಹಾಕಿ, ಕುಣಿಯೋಣ ಅಂತ ಕಾದಾಗ ಪ್ರವಚನ ಶುರುವಾದರೆ ಏನಾಗಬೇಕು? ಅದಕ್ಕೇ ಅಂಥವನ್ನೆಲ್ಲ ‘ಲ್ಯೂಕ್ ದ ಡ್ರಿಫ್ಟರ್’, ಅಂದರೆ ಅಲೆಮಾರಿ ಲ್ಯೂಕ್, ಎಂಬ ಹೆಸರಿನಲ್ಲಿ ಬಿಟ್ಟರು. ಲ್ಯೂಕ್ ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಅದೊಂದು ಡಬ್ಬಿಗೆ ಅಂಟಿಸಿದ ಚೀಟಿ ಅಷ್ಟೇ, ಇದು ಬೆಲ್ಲ, ಇದು ಬೇವು ಅಂತ. ಕುಡಿತದಿಂದ ನಲುಗುತ್ತಿದ್ದ ಹ್ಯಾಂಕ್ 1953ರ ಜನವರಿ 1ರಂದು, 29ನೇ ವಯಸ್ಸಿನಲ್ಲಿ ತೀರಿಕೊಂಡರು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಲ್ಯೂಕ್ ಮಾತನ್ನು ಹ್ಯಾಂಕ್ ಕೇಳಿದಂತಿಲ್ಲ.

ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ ವೇಷ ಕಟ್ಟಿದ್ದು ಸುಸ್ತಿಗೆ. ಅಭಿಮಾನಿಗಳ ಕಿರಿಚಾಟದಲ್ಲಿ ತಮ್ಮ ಹಾಡು ತಮಗೇ ಕೇಳದಂತಾಗಿ, 1966ರ ಆಗಸ್ಟಿನಲ್ಲಿ ಪ್ರವಾಸ ನಿಲ್ಲಿಸಿದರು. ಕೀನ್ಯಾದಿಂದ ವಿಮಾನದಲ್ಲಿ ಮರಳುವಾಗ ಪಾಲ್ ಮೆಕಾರ್ಟ್ನಿಗೆ ಹೊಳೆದದ್ದು ಇದು: ಮುಂದಿನ ಆಲ್ಬಮ್ ಮಾಡುವುದು ನಾವಲ್ಲ, ಇನ್ನೊಂದು ಬ್ಯಾಂಡ್ ಅಂತ ಅಂದುಕೊಂಡರೆ? 1967ರಲ್ಲಿ ಸಾರ್ಜೆಂಟ್ ಪೆಪ್ಪರ್ ಎಂಬ ಕಾಲ್ಪನಿಕ ಮೇಳದ ಹೆಸರಿನಲ್ಲಿ ಅದು ಬಂತು. ನಾಲ್ವರೂ ಬಣ್ಣಬಣ್ಣದ ಮಿಲಿಟರಿ ಬ್ಯಾಂಡಿನ ಅಂಗಿ ತೊಟ್ಟು ಮೀಸೆ ಬಿಟ್ಟು ನಿಂತರು. ಪಕ್ಕದಲ್ಲೇ ಅವರದೇ ಹಳೆಯ ಮೇಣದ ಬೊಂಬೆಗಳು.

ಇನ್ನೊಂದು ಬಗೆಯ ವೇಷ ಇದೆ, ಬೈಗುಳ ಹೊರುವುದಕ್ಕೆ. ಡೆಟ್ರಾಯಿಟ್‌ನ ರ‍್ಯಾಪರ್ ಎಮಿನೆಮ್‌ನ ಮೊದಲ ಆಲ್ಬಮ್ 1996ರಲ್ಲಿ ಬಂದು ಯಾರ ಕಣ್ಣಿಗೂ ಬೀಳದೆ ಹೋಯಿತು. ಬೇರೆಯವರ ಶೈಲಿ ಹಾಡ್ತಾನೆ ಅಂದರು. ಅದೇ ಹೊತ್ತಿಗೆ ಅವನ ಗೆಳೆಯರ ತಂಡ ಡಿ12 ಒಂದು ನಿಯಮ ಮಾಡಿಕೊಂಡಿತ್ತು: ಇರುವುದು ಆರು ಜನ, ಒಬ್ಬೊಬ್ಬರಿಗೂ ಇನ್ನೊಂದು ವ್ಯಕ್ತಿತ್ವ, ಒಟ್ಟು ಹನ್ನೆರಡು. ಎಮಿನೆಮ್ ಕಟ್ಟಿದ ಇನ್ನೊಬ್ಬನೇ ಸ್ಲಿಮ್ ಶೇಡಿ. ಬಾಯಿಗೆ ಲಂಗುಲಗಾಮಿಲ್ಲದ, ಕೇಡಿನ ಮಾತನ್ನೇ ನಕ್ಕುನಗಿಸುತ್ತಾ ಆಡುವ ಪೋಕರಿ. 1999ರಲ್ಲಿ ಅವನ ಹೆಸರಿನ ಆಲ್ಬಮ್ ಬಂದು ಎಮಿನೆಮ್ ಜಗತ್ತಿಗೆಲ್ಲ ಗೊತ್ತಾದ.

ಬೈದದ್ದು ಶೇಡಿ, ಆದರೆ ನೋಟಿಸ್ ಬಂದದ್ದು ಎಮಿನೆಮ್‌ಗೆ. ಹಾಡಿನಲ್ಲಿ ತನ್ನ ಮಾನ ಕಳೆದ ಅಂತ ಹೆತ್ತ ತಾಯಿಯೇ 1999ರಲ್ಲಿ 1 ಕೋಟಿ ಡಾಲರ್‌ಗೆ ಮೊಕದ್ದಮೆ ಹೂಡಿದರು. ಕೊನೆಗೆ 25,000 ಡಾಲರ್‌ಗೆ ರಾಜಿಯಾಯಿತು, ಅದರಲ್ಲೂ ಬಹುಪಾಲು ವಕೀಲರಿಗೆ ಹೋಯಿತು. ಶಾಲೆಯ ದಿನಗಳ ಸಹಪಾಠಿಯೊಬ್ಬ ಹೂಡಿದ ಇನ್ನೊಂದು ಕೇಸು 2003ರಲ್ಲಿ ಮಿಶಿಗನ್ ಕೋರ್ಟಿನಲ್ಲಿ ವಜಾ ಆಯಿತು. ಇಂಥ ಉತ್ಪ್ರೇಕ್ಷೆಯನ್ನು ಬುದ್ಧಿ ಇರುವವರು ನಿಜ ಅಂತ ನಂಬುವುದಿಲ್ಲ ಅನ್ನುವುದು ತೀರ್ಪಿನ ಸಾರ. ನ್ಯಾಯಾಧೀಶೆ ಅದನ್ನು ಪ್ರಾಸ ಕಟ್ಟಿ ರ‍್ಯಾಪ್ ಧಾಟಿಯಲ್ಲೂ ಬರೆದರು. ಅಂದರೆ ವೇಷ ಕಾನೂನಿನ ಎದುರು ಗಟ್ಟಿ ಗುರಾಣಿ ಏನೂ ಅಲ್ಲ. ‘ಇದು ಆಟ, ಮೈಮೇಲೆ ಎಳೆದುಕೊಳ್ಳಬೇಡಿ’ ಅಂತ ಕೇಳುಗರಿಗೆ ಕೊಡುವ ಸನ್ನೆ ಅಷ್ಟೇ. ಹಾಡಿಗೆ ಪಾತ್ರದ ಹೆಸರಿಟ್ಟರೂ ಕೆಲವು ಮಾತು ಹೋಗಿ ಮುಟ್ಟುವುದು ನಿಜವಾದ ಮನುಷ್ಯರಿಗೇ. ‘ನಾನಲ್ಲ, ಅವನು’ ಅನ್ನುವುದು ಎಲ್ಲ ಸಲವೂ ನ್ಯಾಯ ಅಂತ ನನಗಂತೂ ಅನ್ನಿಸುವುದಿಲ್ಲ.

ಜನ ಸನ್ನೆಯನ್ನು ಒಪ್ಪದಿದ್ದರೆ ವೇಷ ನಗೆಪಾಟಲಾಗುತ್ತದೆ. ಕೌಬಾಯ್ ಟೋಪಿಯ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ 1999ರಲ್ಲಿ ಟೋಪಿ ತೆಗೆದು, ಮುಖದ ಮೇಲೆ ಬೀಳುವ ವಿಗ್ ಹಾಕಿ, ತುಟಿಯ ಕೆಳಗೆ ಒಂದು ಚೂರು ಗಡ್ಡ ಬಿಟ್ಟು ಕ್ರಿಸ್ ಗೇನ್ಸ್ ಎಂಬ ಆಸ್ಟ್ರೇಲಿಯಾದ ರಾಕ್ ತಾರೆಯಾದರು. ಮುಂದೆ ಬರಬೇಕಿದ್ದ ಸಿನಿಮಾದ ಪಾತ್ರ ಅದು. ಸಿನಿಮಾ ಬರಲೇ ಇಲ್ಲ, ಪಾತ್ರದ ಹಾಡುಗಳು ಮೊದಲೇ ಬಂದುಬಿಟ್ಟವು. ಮದುವೆಯೇ ಇಲ್ಲದೆ ಊಟ ಬಡಿಸಿದ ಹಾಗೆ. ಹಾಡುಗಳು ಕೆಟ್ಟದಾಗಿರಲಿಲ್ಲ, ಒಂದು ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೂ ಏರಿತು. ಆದರೆ ಈ ಮನುಷ್ಯ ಯಾರು, ನಮ್ಮ ಗಾರ್ತ್ ಯಾಕೆ ಹೀಗೆ ಮಾಡ್ತಿದ್ದಾನೆ ಅಂತ ಅಭಿಮಾನಿಗಳಿಗೆ ತಿಳಿಯಲಿಲ್ಲ. ಜಿಗ್ಗಿಗೆ ಹೊಸ ನೆಲ ಬೇಕಿತ್ತು, ಸಾಶಾಗೆ ಕೆಲಸವಿತ್ತು. ಕ್ರಿಸ್ ಗೇನ್ಸ್‌ಗೆ ಇದ್ದದ್ದು ವಿಗ್ ಒಂದೇ.

ಕಟ್ಟುವುದಕ್ಕಿಂತ ಕಳಚುವುದು ಕಷ್ಟ. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಬೋವಿ ಕೊನೆಯ ಹಾಡಿಗೆ ಮೊದಲು ಮೈಕಿನಲ್ಲಿ, ಇದು ಈ ಪ್ರವಾಸದ್ದಷ್ಟೇ ಅಲ್ಲ, ನಾವು ಮಾಡುವ ಕೊನೆಯ ಷೋ ಅಂದುಬಿಟ್ಟರು. ಸಭೆಯಲ್ಲಿ ಹುಯಿಲೆದ್ದಿತು. ಹಿಂದೆ ನಿಂತ ಬೇಸ್ ವಾದಕನಿಗೂ ಡ್ರಮ್ಮರ್‌ಗೂ ಆ ಕ್ಷಣದವರೆಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ರಾನ್ಸನ್‌ಗೆ. ಆಲ್ಬಮ್ಮಿನ ಹೆಸರಿನಲ್ಲೇ ಜಿಗ್ಗಿಯ ಏಳಿಗೆ ಮಾತ್ರವಲ್ಲ, ಪತನವೂ ಇತ್ತು. ಕತೆಯ ಪ್ರಕಾರ ಅವನು ಸಾಯಲೇಬೇಕು. ಆದರೆ ಎಷ್ಟೋ ವರ್ಷ ಅವನು ನನ್ನನ್ನು ಬಿಡಲಿಲ್ಲ ಅಂತ ಬೋವಿ ಆಮೇಲೆ ಹೇಳಿದ್ದಾರೆ. 1976ರಲ್ಲಿ ಕಟ್ಟಿದ ಇನ್ನೊಂದು ವೇಷ, ಬಿಳಿ ಅಂಗಿಯ, ಎದೆ ತಣ್ಣಗಿರುವ ‘ಡ್ಯೂಕ್’, ಇನ್ನೂ ಕೆಟ್ಟದಾಯಿತು. ಲಾಸ್ ಏಂಜಲೀಸ್, ಕೊಕೇನ್, ನಿದ್ದೆಯಿಲ್ಲದ ರಾತ್ರಿಗಳು. ಆ ಆಲ್ಬಮ್ ಮಾಡಿದ್ದೇ ತಮಗೆ ಸರಿಯಾಗಿ ನೆನಪಿಲ್ಲ ಅಂದರು. ಸರ್ವಾಧಿಕಾರಿಗಳನ್ನು ಹೊಗಳಿ ಆಡಿದ ಮಾತುಗಳಿಗೆ ಮುಂದೆ ವಿಷಾದಪಟ್ಟರು. ಕೊನೆಗೆ ಊರು ಬಿಟ್ಟು ಬರ್ಲಿನ್ ಸೇರಿ, ಸಾದಾ ಬಟ್ಟೆಯಲ್ಲಿ ಸೈಕಲ್ ತುಳಿದುಕೊಂಡು ಓಡಾಡಿದರು.

ಕಿಸ್ ಬ್ಯಾಂಡಿನ ಕತೆ ಬೇರೆ ಥರ. ಮುಖದ ಬಣ್ಣವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡವರು ಅವರು. ಹಳಬರಿಬ್ಬರು ತಂಡ ಬಿಟ್ಟು ಹೋದಾಗ, ಅವರ ಬಣ್ಣವನ್ನು ಬೇರೆ ಇಬ್ಬರು ಬಳಿದುಕೊಂಡು ಆಡಿದರು. ಮುಖ ಕಂಪನಿಯದು, ಒಳಗಿರುವವರು ಬದಲಾಗುತ್ತಾರೆ. 2023ರ ಡಿಸೆಂಬರಿನಲ್ಲಿ ಕೊನೆಯ ಷೋ ಮುಗಿಸಿ, ಇನ್ನು ಮುಂದೆ ಕಂಪ್ಯೂಟರಿನಲ್ಲಿ ಮಾಡಿದ ಅವತಾರಗಳು ಹಾಡುತ್ತವೆ ಅಂದರು.

ನನಗೆ ಇವರೆಲ್ಲರಲ್ಲಿ ಜಾಸ್ತಿ ಇಷ್ಟವಾಗುವವನು ಎಂಎಫ್ ಡೂಮ್. ಹುಟ್ಟು ಹೆಸರು ಡೇನಿಯಲ್ ಡುಮಿಲೆ. ತಮ್ಮನ ಜೊತೆ ನ್ಯೂಯಾರ್ಕಿನಲ್ಲಿ ರ‍್ಯಾಪ್ ತಂಡ ಕಟ್ಟಿದ್ದ. 1993ರಲ್ಲಿ ಆ ತಮ್ಮನು ಕಾರಿಗೆ ಸಿಕ್ಕು ತೀರಿಕೊಂಡ. ಅದರ ಬೆನ್ನಿಗೇ ಕಂಪನಿ ಅವರ ಆಲ್ಬಮ್ಮನ್ನು ಬಿಡುಗಡೆ ಮಾಡದೆ ಕೈಬಿಟ್ಟಿತು. ಕೆಲವು ವರ್ಷ ಕಾಣೆಯಾಗಿದ್ದವನು ತಿರುಗಿ ಬಂದದ್ದು ಮುಖಕ್ಕೆ ಕಾಲುಚೀಲದ ಬಟ್ಟೆ ಎಳೆದುಕೊಂಡು. ಆಮೇಲೆ ಅದು ಕಾಮಿಕ್ಸಿನ ಖಳ ಡಾಕ್ಟರ್ ಡೂಮ್‌ನಂಥ ಲೋಹದ ಮುಖವಾಡವಾಯಿತು. ನನ್ನನ್ನು ನೋಡಬೇಡಿ, ಕೇಳಿ ಅನ್ನುವುದು ಅವನ ವಾದ. ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಷೋಗಳಿಗೆ ಮುಖವಾಡ ಹಾಕಿದ ಬೇರೆಯವರನ್ನೇ ಕಳಿಸಿದ. ದುಡ್ಡು ಕೊಟ್ಟು ಬಂದವರು ಕೂಗಾಡಿದರು. ಕೂಗಾಡಿದ್ದು ಸರಿಯೇ. ನಾನು ನಿರ್ದೇಶಕ, ಪಾತ್ರಕ್ಕೆ ಯಾರನ್ನು ಹಾಕಬೇಕು ಅನ್ನುವುದು ನನ್ನಿಷ್ಟ ಅಂದ ಅವನು.

2020ರ ಅಕ್ಟೋಬರ್ 31ರಂದು ಡುಮಿಲೆ ತೀರಿಕೊಂಡ. ಮನೆಯವರು ಅದನ್ನು ಹೊರಗೆ ಹೇಳಿದ್ದು ಡಿಸೆಂಬರ್ 31ರಂದು. ನಡುವಿನ ಎರಡು ತಿಂಗಳು ಅಭಿಮಾನಿಗಳು ಎಂದಿನಂತೆ ಡೂಮ್ ಹಾಡು ಹಾಕಿಕೊಂಡು ಕೇಳುತ್ತಲೇ ಇದ್ದರು.